ಸೊರೆ ಬಿಡದ ಎಮ್ಮೆ, ಹಾಲು ಬಿಟ್ಟ ಹುಡುಗಿ

ನನ್ನ ತಂಗಿಯ ಮಗಳಿಗೆ ಅವಳ ಅಜ್ಜಿ ಹೆಸರು ಕೆತ್ತಿಸಿ ಕೊಟ್ಟ ಒಂದು ಸ್ಟೀಲ್ ಲೋಟವಿದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮತ್ತು ರಾತ್ರಿ ಮಲಗುವ ಮೊದಲು ಅವಳು ಅದರಲ್ಲೇ ಹಾಲು ಕುಡಿಯುತ್ತಿದ್ದಳು. ಬೇರೆ ಲೋಟದಲ್ಲಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಅವರ ಮನೆಗೆ ಹೋದಾಗ ಆ ಲೋಟದೊಳಗೆ ಚಮಚಗಳನ್ನು ನಿಲ್ಲಿಸಿಟ್ಟಿದ್ದರು. ಏನಿದು ಎಂದು ಕೇಳಿದ್ದಕ್ಕೆ ತಂಗಿ ದನಿ ತಗ್ಗಿಸಿ, "ಹಾಲು ಬಿಡಿಸಿದೀವಿ ಅಕ್ಕ" ಎಂದಳು. ಮೂರು ವಾರದ ಹಿಂದೆ ಮಗಳಿಗೆ ಸ್ನಾನ ಮಾಡಿಸುವಾಗ ಎಡಗಡೆಯ ಎದೆಯ ತೊಟ್ಟಿನ ಕೆಳಗೆ ಹುಣಸೆಬೀಜದಷ್ಟು ಗಾತ್ರದ ಗಟ್ಟಿಯಾದ ಗಂಟು ಅವಳ ಕೈಗೆ ಸಿಕ್ಕಿತ್ತು. ಹುಡುಗಿಗೆ ಆಗ ಏಳು ವರ್ಷ ಹತ್ತು ತಿಂಗಳು. ಅಕ್ಕಪಕ್ಕದ ಮನೆಯವರು, ಶಾಲೆಯ ತಾಯಂದಿರ ವಾಟ್ಸ್ಆ್ಯಪ್ ಗುಂಪಿನವರು, ಗಂಡನ ಮನೆಯ ಹಿರಿಯರು ಎಲ್ಲರೂ ಹೇಳಿದ ಕಾರಣ ಒಂದೇ ಆಗಿತ್ತು: ಹಸುಗಳಿಗೆ ಹಾರ್ಮೋನ್ ಇಂಜೆಕ್ಷನ್ ಚುಚ್ಚಿ ಹಾಲು ಕರೆಯುತ್ತಾರೆ, ಆ ಹಾಲು ಕುಡಿದ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರೆ. ಅಂದು ರಾತ್ರಿಯಿಂದಲೇ ಹಾಲು ನಿಂತಿತು, ಮರುದಿನ ಮೊಸರು ನಿಂತಿತು. ಸಂಜೆಯ ಬಿಸ್ಕತ್ತು, ಚಿಪ್ಸು, ಬಾಟಲಿಯ ಜ್ಯೂಸುಗಳನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ.

ಆ ಬಿಸಿಲಿನಲ್ಲೂ ಹುಡುಗಿ ಶಾಲೆಯ ಸ್ವೆಟರ್ ಹಾಕಿಕೊಂಡೇ ಓಡಾಡುತ್ತಿದ್ದಳು. ರಾತ್ರಿ ನನ್ನ ಪಕ್ಕದಲ್ಲಿ ಮಲಗಿದಾಗ ಬಹಳ ಹೊತ್ತು ಸುಮ್ಮನಿದ್ದು, "ದೊಡ್ಡಮ್ಮ, ನಾನು ಜಾಸ್ತಿ ಹಾಲು ಕುಡಿದಿದ್ದಕ್ಕೇ ಹೀಗಾಯ್ತಾ?" ಎಂದು ಕೇಳಿದಳು. ತನ್ನ ಮೈಗೆ ಏನೋ ಕೆಟ್ಟದ್ದು ಆಗಿದೆ, ಅದಕ್ಕೆ ತಾನೇ ಕಾರಣ ಎಂದು ಆ ಮಗು ಆಗಲೇ ತೀರ್ಮಾನಿಸಿಬಿಟ್ಟಿತ್ತು. ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿರುವವಳು. ಕೊಟ್ಟಿಗೆ ಇದ್ದ ಮನೆಯಲ್ಲಿ ರಜೆಗಳನ್ನು ಕಳೆದವಳು. ಆದರೂ ಅವಳಿಗೆ ಹೌದು ಎನ್ನಲಿಕ್ಕೂ ಅಲ್ಲ ಎನ್ನಲಿಕ್ಕೂ ನನ್ನಲ್ಲಿ ಅಂದು ಆಧಾರವಿರಲಿಲ್ಲ. ನಂತರದ ಕೆಲವು ತಿಂಗಳು ನಾನು ಓದಿದ್ದು, ಕೇಳಿ ತಿಳಿದದ್ದು, ಜೊತೆಗೆ ಮರೆತೆನೆಂದುಕೊಂಡಿದ್ದ ಒಂದು ಹಳೆಯ ಬೆಳಗಿನ ನೆನಪು, ಇವೆಲ್ಲ ಸೇರಿ ಈ ಬರಹವಾಗಿದೆ.

ಸೊರೆ

ಅದು 1994ರ ಬೇಸಿಗೆ. ನಾಗಮಂಗಲದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಆಗ ಒಂದು ಎಮ್ಮೆ ಈದು ಇಪ್ಪತ್ತು ದಿನವಾಗಿತ್ತು. ಅದರ ಕರು ಭೇದಿ ಹತ್ತಿ ಎರಡೇ ದಿನದಲ್ಲಿ ಸತ್ತುಹೋಯಿತು. ಕರು ಸತ್ತ ಮರುದಿನ ಬೆಳಿಗ್ಗೆ ಅತ್ತೆ ತಂಬಿಗೆ ಹಿಡಿದು ಕೂತರೆ ಎಮ್ಮೆ ಸೊರೆ ಬಿಡಲಿಲ್ಲ. ಕೆಚ್ಚಲು ಬಿಗಿದುಕೊಂಡು ಕಲ್ಲಿನಂತಾಗಿತ್ತು, ನೀರು ಚಿಮುಕಿಸಿ ನೀವಿದರೂ ಪಾವು ಹಾಲೂ ಇಳಿಯಲಿಲ್ಲ. ಗೋದಲಿಗೆ ಹಿಂಡಿ ಸುರಿದರೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಕರು ಕಟ್ಟುತ್ತಿದ್ದ ಗೂಟದ ಕಡೆಗೆ ಕತ್ತು ಚಾಚಿ ಕೂಗುತ್ತಿತ್ತು.

ಎಮ್ಮೆಗಳಲ್ಲಿ ಇದು ಹೆಚ್ಚು. ಹಸುವಿನ ಕೆಚ್ಚಲಿನಲ್ಲಿ ಸುಮಾರು ಐದನೇ ಒಂದು ಪಾಲು ಹಾಲು ತೊಟ್ಟಿನ ಮೇಲಿನ ಕುಳಿಗೆ ಮೊದಲೇ ಇಳಿದು ಕೂತಿರುತ್ತದೆ, ಹಿಂಡಿದರೆ ಅಷ್ಟಾದರೂ ಬರುತ್ತದೆ. ಎಮ್ಮೆಯಲ್ಲಿ ಆ ಪಾಲು ಇಪ್ಪತ್ತರಲ್ಲಿ ಒಂದು ಮಾತ್ರ. ಉಳಿದದ್ದೆಲ್ಲ ಕೆಚ್ಚಲಿನ ಒಳಗಿನ ಸಣ್ಣ ಸಣ್ಣ ಗುಳ್ಳೆಗಳಲ್ಲೇ ನಿಂತಿರುತ್ತದೆ. ಕರು ಬಾಯಿ ಹಾಕಿದಾಗ, ಅಥವಾ ಪರಿಚಯದ ಕೈ ಮುಟ್ಟಿದಾಗ, ಆ ಸ್ಪರ್ಶ ನರಗಳ ಮೂಲಕ ಮಿದುಳನ್ನು ತಲುಪಿ ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಕೆಚ್ಚಲನ್ನು ಮುಟ್ಟಿದ ಒಡನೆ ಗುಳ್ಳೆಗಳ ಸುತ್ತ ಬಲೆಯಂತೆ ಹೆಣೆದುಕೊಂಡಿರುವ ಜೀವಕೋಶಗಳು ಬಿಗಿದು ಹಾಲನ್ನು ಕೆಳಕ್ಕೆ ಒತ್ತುತ್ತವೆ. ಇದನ್ನೇ ನಮ್ಮವರು ಸೊರೆ ಬಿಡುವುದು ಎನ್ನುವುದು. ಹೆದರಿಕೆಯಾದರೆ, ನೋವಾದರೆ, ಅಪರಿಚಿತರು ಬಂದು ಕೂತರೆ ಸೊರೆ ನಿಲ್ಲುತ್ತದೆ. ಇದರ ರಸಾಯನ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಆದರೆ ಇದರ ನಡವಳಿಕೆ ಕೊಟ್ಟಿಗೆಯ ಹೆಂಗಸರಿಗೆಲ್ಲ ಗೊತ್ತಿತ್ತು.

ಮೂರನೆಯ ದಿನ ಮಾವ ಪಕ್ಕದೂರಿನಿಂದ ಒಬ್ಬರನ್ನು ಕರೆದುಕೊಂಡು ಬಂದರು. ಅವರು ಡಾಕ್ಟರ್ ಅಲ್ಲ. ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿದ್ದ ಬಟ್ಟೆಯ ಚೀಲದಿಂದ ಚೀಟಿ ಅಂಟಿಸದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದರು. ಅದರೊಳಗಿನದು ನೀರಿನಂತೆ ತಿಳಿಯಾಗಿತ್ತು. ಗಾಜಿನ ಸಿರಿಂಜಿಗೆ ಎಳೆದುಕೊಂಡು ಎಮ್ಮೆಯ ಕತ್ತಿಗೆ ಚುಚ್ಚಿ, "ಈಗ ಕೂತ್ಕಳಿ ಅಕ್ಕ" ಎಂದು ಅತ್ತೆಗೆ ಹೇಳಿದರು. ಒಂದು ನಿಮಿಷ ಆಗಿರಬಹುದು. ಎಮ್ಮೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿತು, ಹಿಂಗಾಲುಗಳನ್ನು ಅಗಲಿಸಿತು, ಬಾಲ ಎತ್ತಿ ಗಂಜಲ ಹೊಯ್ದು ನಡುಗಿತು. ಆಮೇಲೆ ತೊಟ್ಟುಗಳಿಂದ ಹಾಲು ತಾನಾಗಿಯೇ ತೊಟ್ಟಿಕ್ಕತೊಡಗಿತು. ನಾನು ಗೋದಲಿಯ ಪಕ್ಕ ನಿಂತಿದ್ದೆ. ಎಮ್ಮೆಯ ಕಣ್ಣಿನ ಬಿಳಿ ಕಾಣಿಸುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ, ಏಕೆಂದರೆ ಎಮ್ಮೆಯ ಕಣ್ಣಿನಲ್ಲಿ ಅಷ್ಟು ಬಿಳಿ ಇರುತ್ತದೆಂದು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಅಜ್ಜಿ ಜಗಲಿಯ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಆ ಹಾಲನ್ನು ಮನೆಯ ಮಕ್ಕಳಿಗೆ ಕೊಡಕೂಡದು ಎಂದರು. ಯಾರೂ ಎದುರಾಡಲಿಲ್ಲ. ಎರಡು ತಿಂಗಳು ಆ ಎಮ್ಮೆಯ ಹಾಲು ನಮ್ಮ ಒಲೆ ಏರಲಿಲ್ಲ. ಅಷ್ಟೂ ಊರಿನ ಡೈರಿಯ ಕ್ಯಾನಿಗೆ ಹೋಯಿತು. ನಾವು ಕುಡಿಯಲು ಒಪ್ಪದ ಹಾಲನ್ನು ಯಾರ ಮನೆಯ ಮಕ್ಕಳು ಕುಡಿದರೋ ಎಂಬ ಪ್ರಶ್ನೆ ಅಂದು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ನನಗೂ ಹೊಳೆಯಲಿಲ್ಲ. ಮೂವತ್ತು ವರ್ಷಗಳ ನಂತರ, ಚಮಚ ತುಂಬಿದ ಆ ಲೋಟವನ್ನು ಕಂಡಾಗ ಮೊದಲು ನೆನಪಾದದ್ದು ಅದೇ.

ಹತ್ತು ದಿನ ಕಳೆಯುವಷ್ಟರಲ್ಲಿ ಎಮ್ಮೆ ಸೂಜಿಯಿಲ್ಲದೆ ಸೊರೆ ಬಿಡುವುದನ್ನೇ ಮರೆತಿತ್ತು. ಹೊರಗಿನಿಂದ ಆಕ್ಸಿಟೋಸಿನ್ ಪದೇ ಪದೇ ಬಂದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ಪಶುವೈದ್ಯರೆಲ್ಲ ಬಲ್ಲ ಸಂಗತಿ. ಸೈಕಲ್ಲಿನವರು ದಿನಕ್ಕೆ ಎರಡು ಸಲ ಬರುವುದು ಆಗದೆ ಕೊನೆಗೆ ಬಾಟಲಿಯನ್ನೂ ಸಿರಿಂಜನ್ನೂ ನಮ್ಮ ಮನೆಯಲ್ಲೇ ಬಿಟ್ಟುಹೋದರು. ಮುಂದಿನ ವರ್ಷ ಎಮ್ಮೆ ಸರಿಯಾಗಿ ಬೆದೆಗೆ ಬರಲಿಲ್ಲ, ಮಾವ ಅದನ್ನು ಮಾರಿದರು.

ಒಂಬತ್ತು ಮಣಿಗಳ ಸರ

ಜನರು 'ಹಾಲಿನ ಹಾರ್ಮೋನ್' ಎಂದಾಗ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ವಸ್ತುಗಳನ್ನು ಕಟ್ಟಿಹಾಕುತ್ತಾರೆ ಎಂಬುದು ನನಗೆ ಮೊದಲು ಸ್ಪಷ್ಟವಾಯಿತು. ಅವುಗಳ ರಚನೆ ಬೇರೆ, ಅವು ಹೊಟ್ಟೆಯಲ್ಲಿ ಪಡೆಯುವ ಗತಿ ಬೇರೆ, ಆದ್ದರಿಂದ ಅವುಗಳ ವಿಷಯದಲ್ಲಿ ನಾವು ಹೆದರಬೇಕೇ ಬೇಡವೇ ಎಂಬುದಕ್ಕೆ ಉತ್ತರವೂ ಬೇರೆ.

ನಮ್ಮ ನಾಡಿನಲ್ಲಿ ದನಕ್ಕೆ ಚುಚ್ಚುವ ಹಾರ್ಮೋನ್ ಎಂದರೆ ಹೆಚ್ಚಾಗಿ ಆಕ್ಸಿಟೋಸಿನ್. ಇದು ಒಂಬತ್ತು ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡಿರುವ ಪುಟ್ಟ ಸರ. ವಿನ್ಸೆಂಟ್ ಡು ವಿಗ್ನೋ ಎಂಬ ಅಮೆರಿಕದ ವಿಜ್ಞಾನಿ ಇದನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದರು, ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಮೈನೋ ಆಮ್ಲಗಳ ಸರ ಎಂದಮೇಲೆ ಅದು ನಮ್ಮ ಜೀರ್ಣಾಂಗಕ್ಕೆ ಬೇಳೆಯ ಪ್ರೋಟೀನಿನಂತೆಯೇ ಒಂದು ಆಹಾರ. ಕರುಳಿನ ಕಿಣ್ವಗಳು ಅದನ್ನು ಕತ್ತರಿಸಿಹಾಕುತ್ತವೆ. ಹೆರಿಗೆ ವಾರ್ಡಿನಲ್ಲಿ ಈ ಔಷಧಿಯನ್ನು ನುಂಗಲು ಕೊಡದೆ ಸೂಜಿಯಲ್ಲಿ ಅಥವಾ ಡ್ರಿಪ್ಪಿನಲ್ಲಿ ಕೊಡುವುದು ಇದೇ ಕಾರಣಕ್ಕೆ. ಇನ್ನು ದನದ ರಕ್ತದಲ್ಲಾದರೂ ಅದು ಉಳಿಯುವುದು ಕೆಲವೇ ನಿಮಿಷ. ಹೀಗಾಗಿ ಸೂಜಿ ಚುಚ್ಚಿ ಕರೆದ ಹಾಲಿನಲ್ಲಿರುವ ಆಕ್ಸಿಟೋಸಿನ್ ಏಳು ವರ್ಷದ ಹುಡುಗಿಯ ಎದೆಯಲ್ಲಿ ಗಂಟು ಮೂಡಿಸುವುದಕ್ಕೆ ದಾರಿಯೇ ಇಲ್ಲ. ಹೆಣ್ಣುಮಕ್ಕಳಲ್ಲಿ ಎದೆ ಮೂಡಿಸುವ ಹಾರ್ಮೋನ್ ಈಸ್ಟ್ರೋಜನ್. ಆಕ್ಸಿಟೋಸಿನ್ ಅದಲ್ಲ, ಅದರ ಕೆಲಸವನ್ನು ಮಾಡುವುದೂ ಇಲ್ಲ.

ಹಾಗೆಂದು ಆ ಸೂಜಿ ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಅದರ ಹಾನಿಯನ್ನು ಕಂಡವಳು ನಾನು. ಆ ಹಾನಿ ಆದದ್ದು ಎಮ್ಮೆಗೆ. ಗರ್ಭಕೋಶವನ್ನು ಹಿಂಡುವ ಔಷಧಿಯನ್ನು ದಿನಕ್ಕೆರಡು ಸಲ, ತಿಂಗಳುಗಟ್ಟಲೆ, ಅಳತೆಯಿಲ್ಲದೆ ಚುಚ್ಚಿದರೆ ಆ ಪ್ರಾಣಿ ದಿನಕ್ಕೆರಡು ಸಲ ಹೆರಿಗೆ ನೋವಿನಂಥದ್ದನ್ನು ಅನುಭವಿಸುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಂ, 'ಫೂಕಾ' ಎಂಬ ಹಳೆಯ ಕ್ರೂರ ಪದ್ಧತಿಯ ಜೊತೆಗೆ, ಹಾಲು ಹೆಚ್ಚಿಸುವುದಕ್ಕಾಗಿ ಪ್ರಾಣಿಯ ಆರೋಗ್ಯಕ್ಕೆ ಕೆಡುಕಾಗುವ ಯಾವುದೇ ಚುಚ್ಚುಮದ್ದನ್ನೂ ಅಪರಾಧವೆಂದು ಹೇಳುತ್ತದೆ. ಎರಡು ವರ್ಷದವರೆಗೆ ಸೆರೆವಾಸವಿದೆ. ನಮ್ಮ ಕೊಟ್ಟಿಗೆಯಲ್ಲಿ ನಡೆದದ್ದು ಅಪರಾಧ ಎಂಬುದು ನನಗೆ ತಿಳಿದದ್ದು ಈಗ, ಈ ಓದಿನಲ್ಲಿ.

ಇದೇ ವಸ್ತುವಿನ ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಹುಡುಗಿ ಹುಟ್ಟಿದಾಗ ನನ್ನ ತಂಗಿಗೆ ರಕ್ತಸ್ರಾವ ನಿಲ್ಲಲಿಲ್ಲ. ನಾನು ಹೆರಿಗೆ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ನರ್ಸ್ ಒಬ್ಬರು ಫ್ರಿಜ್ಜಿನಿಂದ ಸಣ್ಣ ಗಾಜಿನ ಆಂಪೂಲುಗಳನ್ನು ತೆಗೆದುಕೊಂಡು ಓಡಿದರು. ಅರ್ಧ ಗಂಟೆಯ ಮೇಲೆ ಡಾಕ್ಟರ್ ಹೊರಗೆ ಬಂದು, ಗರ್ಭಕೋಶ ಬಿಗಿಯಾಯಿತು, ರಕ್ತ ನಿಂತಿದೆ ಎಂದರು. ಆ ಆಂಪೂಲಿನಲ್ಲಿದ್ದದ್ದು ಆಕ್ಸಿಟೋಸಿನ್. ಬಾಣಂತಿಯರ ಪ್ರಾಣ ಉಳಿಸುವ ಔಷಧಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮೊದಲ ಸಾಲಿನಲ್ಲಿ ಇಡುತ್ತದೆ. 2018ರ ಏಪ್ರಿಲ್ 27ರಂದು ಕೇಂದ್ರ ಸರ್ಕಾರ, ಡೈರಿಯಲ್ಲಿ ದುರುಪಯೋಗವಾಗುತ್ತಿದೆ ಎಂಬ ಕಾರಣಕ್ಕೆ, ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ದೇಶಕ್ಕೆಲ್ಲ ಬೇಕಾದಷ್ಟನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಎಂಬ ಸಾರ್ವಜನಿಕ ಉದ್ಯಮವೊಂದೇ ತಯಾರಿಸಬೇಕೆಂದು ಹೊರಡಿಸಿದ ಆದೇಶ ಹಲವರಿಗೆ ನೆನಪಿರಬಹುದು. ಒಂದೇ ಕಾರ್ಖಾನೆಯನ್ನು ನಂಬಿಕೊಂಡರೆ ಹಳ್ಳಿಯ ಹೆರಿಗೆ ಆಸ್ಪತ್ರೆಗಳಿಗೆ ಔಷಧಿ ಸಿಗದೆ ಹೋದೀತು ಎಂದು ಅಖಿಲ ಭಾರತ ಔಷಧಿ ಕ್ರಿಯಾ ಜಾಲದವರೂ ಔಷಧಿ ಕಂಪನಿಗಳೂ ನ್ಯಾಯಾಲಯಕ್ಕೆ ಹೋದರು. ದೆಹಲಿ ಹೈಕೋರ್ಟ್ ಆ ವರ್ಷದ ಡಿಸೆಂಬರ್ 14ರಂದು ಆದೇಶವನ್ನು ರದ್ದು ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ದನದ ಮೇಲಿನ ಕ್ರೌರ್ಯವನ್ನು ತಡೆಯಲೇಬೇಕು. ಆದರೆ ನಮ್ಮೂರಿಗೆ ಬಂದ ಚೀಟಿಯಿಲ್ಲದ ಬಾಟಲಿ ಯಾವ ಪರವಾನಗಿಯ ಕಾರ್ಖಾನೆಯಿಂದಲೂ ಬಂದದ್ದಲ್ಲ. ಅದನ್ನು ತಡೆಯುವ ಕೆಲಸ ಹೆರಿಗೆ ವಾರ್ಡಿನ ಫ್ರಿಜ್ಜಿನಿಂದ ಶುರುವಾಗಬಾರದು.

ಗಬ್ಬದ ಹಸುವಿನ ಹಾಲು

ಈಸ್ಟ್ರೋಜನ್ ಮತ್ತು ಗಬ್ಬವನ್ನು ಕಾಪಾಡುವ ಪ್ರೊಜೆಸ್ಟರಾನ್ ಬೇರೆ ಜಾತಿಯ ಹಾರ್ಮೋನುಗಳು. ಅವು ಸ್ಟೆರಾಯ್ಡ್‌ಗಳು, ಕೊಬ್ಬಿನಲ್ಲಿ ಕರಗುವಂಥವು. ಬಿಸಿ ಮಾಡಿದರೆ ಹಾಳಾಗುವುದಿಲ್ಲ, ಕರುಳಿನಲ್ಲಿ ಪ್ರೋಟೀನಿನಂತೆ ತುಂಡಾಗುವುದೂ ಇಲ್ಲ. ಅವನ್ನು ಯಾರೂ ಚುಚ್ಚಿ ಹಾಲಿಗೆ ಸೇರಿಸಬೇಕಾಗಿಲ್ಲ, ಹಸುವಿನ ಮೈಯಿಂದಲೇ ಬರುತ್ತವೆ. ಹಸು ಈದ ಮೂರು ತಿಂಗಳಿಗೆಲ್ಲ ಮತ್ತೆ ಗಬ್ಬ ಕಟ್ಟಿಸುತ್ತೇವೆ, ಇನ್ನು ಎರಡು ತಿಂಗಳಿಗೆ ಈಯುತ್ತದೆ ಎನ್ನುವವರೆಗೆ ಕರೆಯುತ್ತೇವೆ. ಅಂದರೆ ನಾವು ಕುಡಿಯುವ ಹಾಲಿನ ದೊಡ್ಡ ಪಾಲು ಗಬ್ಬದ ಹಸುವಿನದು, ಮತ್ತು ಗಬ್ಬದ ದಿನಗಳು ಬಲಿತಂತೆ ಹಾಲಿನಲ್ಲಿ ಈಸ್ಟ್ರೋಜನ್ ಬಗೆಯ ಹಾರ್ಮೋನುಗಳು ಹಲವು ಪಟ್ಟು ಏರುತ್ತವೆ. ಹಸು ಗಬ್ಬ ನಿಂತಿತೇ ಎಂದು ತಿಳಿಯಲು ಮೂರು ವಾರದ ನಂತರ ಅದರ ಹಾಲಿನಲ್ಲಿ ಪ್ರೊಜೆಸ್ಟರಾನ್ ಅಳೆಯುವ ಪರೀಕ್ಷೆಯೇ ಇದೆ. ಆದ್ದರಿಂದ 'ಹಾಲಿನಲ್ಲಿ ಹಾರ್ಮೋನ್ ಇಲ್ಲವೇ ಇಲ್ಲ' ಎಂದು ಹೇಳುವವರ ಮಾತು ನಿಜವಲ್ಲ. ಎಮ್ಮೆ, ನಾಟಿ ಹಸು, ಸೀಮೆ ಹಸು, ಮನೆಯ ಹಸು, ಪ್ಯಾಕೆಟ್ಟು, ಯಾವುದರಲ್ಲೂ ಅವು ಇದ್ದೇ ಇರುತ್ತವೆ.

ಎಷ್ಟು ಎಂಬುದೇ ಮುಖ್ಯ. ಈಸ್ಟ್ರೋಜನ್ ಬಗೆಯವುಗಳಲ್ಲಿ ಅತ್ಯಂತ ಪ್ರಬಲವಾದ ಎಸ್ಟ್ರಡೈಯಾಲನ್ನು ಹಾಲಿನಲ್ಲಿ ಅಳೆಯುವುದು ಪಿಕೋಗ್ರಾಂಗಳಲ್ಲಿ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಿಕೋಗ್ರಾಂ. ಮಿಲಿಲೀಟರಿಗೆ 20 ಪಿಕೋಗ್ರಾಂ ಎಂದು ಕೈಬಿಚ್ಚಿ ಲೆಕ್ಕ ಹಿಡಿದರೂ ಅರ್ಧ ಲೀಟರ್ ಹಾಲಿನಲ್ಲಿ 10 ಸಾವಿರ ಪಿಕೋಗ್ರಾಂ, ಅಂದರೆ 10 ನ್ಯಾನೋಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 1999ರಲ್ಲಿ ನಿಗದಿ ಮಾಡಿದ ಮಿತಿ, ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 50 ನ್ಯಾನೋಗ್ರಾಂ. ನಮ್ಮ ಹುಡುಗಿಯ ತೂಕ 30 ಕಿಲೋ. ಅವಳ ಮಿತಿ 1,500 ನ್ಯಾನೋಗ್ರಾಂ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತಂಗಿಗೆ ತೋರಿಸಿದಾಗ ಅವಳು ಮೂರು ಸಲ ಸೊನ್ನೆಗಳನ್ನು ಎಣಿಸಿದಳು.

ಆದರೆ ಈ ಲೆಕ್ಕದಿಂದಲೇ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ. ಡೆನ್ಮಾರ್ಕಿನ ಸಂಶೋಧಕರು 2006ರಲ್ಲಿ ಒಂದು ಗಂಭೀರ ಆಕ್ಷೇಪ ಎತ್ತಿದರು: ಋತುವಾಗದ ಮಕ್ಕಳ ಮೈಯಲ್ಲಿ ಈ ಹಾರ್ಮೋನುಗಳು ಹಿಂದೆ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇರುತ್ತವೆ, ಆದ್ದರಿಂದ ಇದಕ್ಕಿಂತ ಕೆಳಗೆ ಏನೂ ಆಗುವುದಿಲ್ಲ ಎಂಬ ಗೆರೆಯನ್ನು ಮಕ್ಕಳ ವಿಷಯದಲ್ಲಿ ಧೈರ್ಯವಾಗಿ ಎಳೆಯಲಾಗದು. ಜಪಾನಿನಲ್ಲಿ 2010ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಇಪ್ಪತ್ತು ಜನರೂ ಇರಲಿಲ್ಲ; ಅವರಿಗೆ ಒಮ್ಮೆಲೇ ಬಹಳಷ್ಟು ಹಾಲು ಕುಡಿಸಿದಾಗ ಗಂಡಸರ ರಕ್ತದಲ್ಲಿ ಈಸ್ಟ್ರೋಜನ್ ಬಗೆಯದೇ ಆದ ಈಸ್ಟ್ರೋನ್ ಮತ್ತು ಪ್ರೊಜೆಸ್ಟರಾನ್ ಏರಿದ್ದು, ಮಕ್ಕಳ ಮೂತ್ರದಲ್ಲೂ ಅವುಗಳ ಸುಳಿವು ಹೆಚ್ಚಾದದ್ದು ಕಂಡಿತು. ಇವುಗಳಿಂದ ಹುಡುಗಿಯರು ಬೇಗ ಋತುವಾಗುತ್ತಾರೆಯೇ ಎಂದು ನೇರವಾಗಿ ಹುಡುಕಿದವರಿಗೆ ಸಿಕ್ಕಿದ್ದು ಒಂದೇ ಉತ್ತರವಲ್ಲ. ಅಮೆರಿಕದ ಸಾವಿರಾರು ಹುಡುಗಿಯರನ್ನು ಒಂಬತ್ತನೇ ವಯಸ್ಸಿನಿಂದ ಗಮನಿಸಿದ 2015ರ ಅಧ್ಯಯನದಲ್ಲಿ ಹಾಲಿಗೂ ಋತುವಾದ ವಯಸ್ಸಿಗೂ ಸಂಬಂಧ ಕಾಣಲಿಲ್ಲ. ಇನ್ನೂ ಎಳೆಯ ವಯಸ್ಸಿನಲ್ಲಿ ಹೆಚ್ಚು ಹಾಲು ಕುಡಿದದ್ದನ್ನು ನೆನಪಿಸಿಕೊಂಡವರಲ್ಲಿ ಸಣ್ಣ ಸಂಬಂಧ ಕಂಡಿತೆಂದು 2011ರ ಇನ್ನೊಂದು ವಿಶ್ಲೇಷಣೆ ಹೇಳಿತು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಐಜಿಎಫ್-1. ಇದು ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಪ್ರೋಟೀನು. ಎಪ್ಪತ್ತು ಅಮೈನೋ ಆಮ್ಲಗಳ ಇದರ ಸರ ಹಸುವಿನಲ್ಲೂ ಮನುಷ್ಯರಲ್ಲೂ ಒಂದೊಂದು ಮಣಿಯೂ ಬಿಡದೆ ಒಂದೇ ರೀತಿ ಇದೆ. ಹಾಲಿನಲ್ಲಿರುವ ಐಜಿಎಫ್-1 ಬಹುಪಾಲು ಜೀರ್ಣವಾಗಿಹೋಗುತ್ತದೆ. ವಿಚಿತ್ರವೆಂದರೆ ಹಾಲು ಕುಡಿದಾಗ ನಮ್ಮದೇ ಮೈ ಅದನ್ನು ಹೆಚ್ಚಾಗಿ ತಯಾರಿಸುತ್ತದೆ. ಡೆನ್ಮಾರ್ಕಿನಲ್ಲಿ ಎಂಟು ವರ್ಷದ ಬಾಲಕರಿಗೆ ಏಳು ದಿನ ದಿನಕ್ಕೆ ಒಂದೂವರೆ ಲೀಟರ್ ಕೊಬ್ಬು ತೆಗೆದ ಹಾಲು ಕುಡಿಸಿದಾಗ ರಕ್ತದ ಐಜಿಎಫ್-1 ಶೇಕಡ 19ರಷ್ಟು ಏರಿತು. ಅಷ್ಟೇ ಪ್ರೋಟೀನನ್ನು ಮಾಂಸದಲ್ಲಿ ತಿಂದ ಬಾಲಕರಲ್ಲಿ ಏರಲಿಲ್ಲ. ಮಕ್ಕಳು ಹಾಲಿನಿಂದ ಎತ್ತರ ಬೆಳೆಯುವುದರ ಹಿಂದೆ ಇದೂ ಇರಬಹುದು. ವಯಸ್ಸಾದವರಲ್ಲಿ ಇದೇ ಬೆಳವಣಿಗೆಯ ಸೂಚನೆ ಬೇಡದ ಕಡೆ ತಲುಪುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿ, ಹೈನು ಪದಾರ್ಥಗಳು ಪ್ರಾಸ್ಟೇಟ್ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುವ ಬಗ್ಗೆ ಸೀಮಿತ ಪುರಾವೆ ಇದೆ ಎನ್ನುತ್ತದೆ. ಅದೇ ವರದಿ, ದೊಡ್ಡ ಕರುಳಿನ ಕ್ಯಾನ್ಸರಿನಿಂದ ಹಾಲು ರಕ್ಷಣೆ ಕೊಡುವ ಬಗ್ಗೆ ಅದಕ್ಕಿಂತ ಗಟ್ಟಿಯಾದ ಪುರಾವೆ ಇದೆ ಎಂದೂ ಹೇಳುತ್ತದೆ. ನನ್ನ ಗಂಡನಿಗೆ ಐವತ್ತೆರಡು. ಅವರು ದಿನಕ್ಕೆ ಒಂದು ಲೀಟರಿನಷ್ಟು ಹಾಲು, ಮಜ್ಜಿಗೆ, ಕಾಫಿ ಕುಡಿಯುವವರು. ಅರ್ಧಕ್ಕೆ ಇಳಿಸಿ ಎಂದು ಹೇಳಿದ್ದೇನೆ. ಹುಡುಗಿಯ ಎರಡು ಲೋಟಕ್ಕೆ ಆ ಮಾತನ್ನು ಅನ್ವಯಿಸಲಾರೆ.

ಕಡಲಾಚೆಯ ಭಯ

ತಂಗಿಗೆ ಬಂದ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದವು, ಅವುಗಳಲ್ಲಿ ಹೇಳುತ್ತಿದ್ದ ಹಾರ್ಮೋನ್ ನಾಲ್ಕನೆಯದು: ತಳಿ ತಂತ್ರಜ್ಞಾನದಿಂದ ತಯಾರಿಸಿದ ಹಸುವಿನ ಬೆಳವಣಿಗೆ ಹಾರ್ಮೋನ್, ಆರ್‌ಬಿಎಸ್‌ಟಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1993ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಎಮ್ಮೆಯ ಕರು ಸತ್ತ ಅದೇ 1994ರ ಫೆಬ್ರುವರಿಯಲ್ಲಿ ಮೊನ್ಸಾಂಟೋ ಕಂಪನಿಯ ಪೊಸಿಲ್ಯಾಕ್ ಅಲ್ಲಿ ಮಾರಾಟಕ್ಕೆ ಬಂತು. ಕೆನಡಾ 1999ರ ಜನವರಿಯಲ್ಲಿ ಅದನ್ನು ತಿರಸ್ಕರಿಸಿತು, ಯುರೋಪಿನ ಒಕ್ಕೂಟವೂ ಬಾಗಿಲು ಮುಚ್ಚಿತು. ಕೆನಡಾದ ತಿರಸ್ಕಾರಕ್ಕೆ ಆಧಾರವಾದದ್ದು ಮನುಷ್ಯರ ಆರೋಗ್ಯವಲ್ಲ, ಹಸುವಿನದು: ಕೆಚ್ಚಲು ಬಾವು ಸುಮಾರು ಕಾಲುಪಾಲು ಹೆಚ್ಚುತ್ತದೆ, ಕುಂಟುವುದು ಅದಕ್ಕಿಂತಲೂ ಹೆಚ್ಚುತ್ತದೆ ಎಂದು ಪಶುವೈದ್ಯರ ಸಮಿತಿ ಹೇಳಿತ್ತು. ಹಸುವಿನ ಬೆಳವಣಿಗೆ ಹಾರ್ಮೋನ್ ಮನುಷ್ಯನ ಮೈಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಕುಳ್ಳಗೆ ಉಳಿದ ಮಕ್ಕಳಿಗೆ ಅದನ್ನು ಚುಚ್ಚಿ ನೋಡಿದವರು 1950ರ ದಶಕದಲ್ಲೇ ಕೈಚೆಲ್ಲಿದ್ದರು. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ, ಅವನ ಮನೆಯ ಹಾಲಿನ ಡಬ್ಬಿಯ ಮೇಲೆ 'ಈ ಹಾರ್ಮೋನ್ ಕೊಡದ ಹಸುಗಳ ಹಾಲು' ಎಂದು ಬರೆದಿರುವ ಫೋಟೋ ಕಳಿಸಿದ. ಅದರ ಕೆಳಗೇ, ಕೊಟ್ಟ ಹಸುಗಳ ಹಾಲಿಗೂ ಇದಕ್ಕೂ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ ಎಂದು ಸಣ್ಣ ಅಕ್ಷರದಲ್ಲಿತ್ತು. ಆ ದೇಶದ ಜಗಳ ನಮ್ಮ ಹುಡುಗಿಯ ಲೋಟವನ್ನು ಖಾಲಿ ಮಾಡಬೇಕಾಗಿರಲಿಲ್ಲ.

ಎಡಗೈಯ ಎಕ್ಸ್-ರೇ

ಜುಲೈಯಲ್ಲಿ ಮಕ್ಕಳ ಹಾರ್ಮೋನ್ ತಜ್ಞರಲ್ಲಿಗೆ ಹೋದೆವು. ಆ ಡಾಕ್ಟರಮ್ಮ ಮೊದಲು ನಮ್ಮನ್ನಲ್ಲ, ಹುಡುಗಿಯನ್ನು ಮಾತಾಡಿಸಿದರು. ತೂಕ, ಎತ್ತರ ನೋಡಿ, ಹಿಂದಿನ ಮೂರು ವರ್ಷದ ಎತ್ತರಗಳನ್ನು ಶಾಲೆಯ ಪುಸ್ತಕದಿಂದ ಬರೆದುಕೊಂಡರು. ತಂಗಿಯನ್ನೂ ನನ್ನನ್ನೂ ನಾವು ಯಾವ ವಯಸ್ಸಿನಲ್ಲಿ ಋತುವಾದೆವೆಂದು ಕೇಳಿದರು. ಎಡಗೈಯ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಮೂಳೆಯ ವಯಸ್ಸು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಂಟು ವರ್ಷಕ್ಕೆ ಮೊದಲು ಎದೆ ಮೂಡಿದರೆ ಪರೀಕ್ಷಿಸಬೇಕು, ತೋರಿಸಿದ್ದು ಒಳ್ಳೆಯದಾಯಿತು ಎಂದರು. ಮೂಳೆಯ ವಯಸ್ಸು ಹೆಚ್ಚು ಮುಂದೆ ಹೋಗಿರಲಿಲ್ಲ, ರಕ್ತದ ವರದಿಯೂ ಇನ್ನೂ ಋತುವಾಗುವ ದಾರಿ ಹಿಡಿಯದ ಮಗುವಿನದರಂತೆಯೇ ಇತ್ತು. ಔಷಧಿ ಬೇಡ, ಆರು ತಿಂಗಳಿಗೆ ಮತ್ತೆ ಕರೆದುಕೊಂಡು ಬನ್ನಿ ಎಂದರು.

ಹಾಲಿನ ಮಾತು ತಂಗಿಯೇ ಎತ್ತಿದಳು. ಡಾಕ್ಟರಮ್ಮ ದಿನಕ್ಕೆ ಎಷ್ಟೋ ತಾಯಂದಿರಿಂದ ಈ ಪ್ರಶ್ನೆ ಕೇಳುತ್ತೇನೆ ಎಂದರು. ಹುಡುಗಿಯರಲ್ಲಿ ಎದೆ ಮೂಡುವ ವಯಸ್ಸು ಲೋಕದ ಹಲವೆಡೆ ಕೆಳಗಿಳಿಯುತ್ತಿರುವುದು ನಿಜ. 1977ರಿಂದ 2013ರವರೆಗಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಪ್ರತಿ ಹತ್ತು ವರ್ಷಕ್ಕೆ ಸುಮಾರು ಮೂರು ತಿಂಗಳು ಇಳಿದಿದೆ ಎಂದಿದ್ದಾರೆ. ಆದರೆ ಅದಕ್ಕೆ ಸಿಕ್ಕಿರುವ ಕಾರಣಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೈಯ ಕೊಬ್ಬು. ಕೊಬ್ಬಿನ ಅಂಗಾಂಶ ತಾನೇ ಈಸ್ಟ್ರೋಜನ್ ತಯಾರಿಸಬಲ್ಲದು, ಅಲ್ಲಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನ್, ಮೈ ಸಿದ್ಧವಾಗಿದೆ ಎಂದು ಮಿದುಳಿಗೆ ತಿಳಿಸುತ್ತದೆ. ಹುಡುಗಿಯ ಮುಂದೆ ಈ ಮಾತನ್ನು ಅವರು ಬಹಳ ಹುಷಾರಾಗಿ ಆಡಿದರು. ತೂಕದ ಬಗ್ಗೆ ಅವಳಿಗೇನೂ ಹೇಳದೆ, ಸಂಜೆ ಎಷ್ಟು ಹೊತ್ತು ಆಡುತ್ತೀಯಾ ಎಂದಷ್ಟೇ ಕೇಳಿದರು. ಅವಳ ವಯಸ್ಸಿನ ಮಕ್ಕಳಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ರಾಗಿ ಕೊಡಿ, ಸೊಪ್ಪು ಕೊಡಿ, ಹಾಲನ್ನೂ ಕೊಡಿ, ಬಾಟಲಿಯ ಜ್ಯೂಸನ್ನು ನಿಲ್ಲಿಸಿ ಎಂದರು.

ಹೊರಗೆ ಬಂದಮೇಲೆ ಆಟೋದಲ್ಲಿ ಕೂತು ನಾನು ಅವಳಿಗೆ ಉತ್ತರ ಹೇಳಿದೆ. "ಇಲ್ಲ ಕಂದ, ಹಾಲು ಕುಡಿದಿದ್ದಕ್ಕೆ ಆಗಿದ್ದಲ್ಲ. ನೀನು ಏನೂ ತಪ್ಪು ಮಾಡಿಲ್ಲ." ಅವಳು ಕಿಟಕಿಯ ಕಡೆ ನೋಡುತ್ತಲೇ ಇದ್ದಳು. ಮನೆಗೆ ಹೋಗಿ ಲೋಟದಲ್ಲಿದ್ದ ಚಮಚಗಳನ್ನು ತಾನೇ ತೆಗೆದು ಬೇರೆ ಡಬ್ಬಿಗೆ ಹಾಕಿದಳು. ಸ್ವೆಟರ್ ಬಿಡಲು ಇನ್ನೂ ಒಂದು ತಿಂಗಳು ಹಿಡಿಯಿತು.

ಮೂಟೆಯ ತಳ

ಓದುತ್ತಾ ಹೋದಂತೆ ನನ್ನ ಭಯ ಹೋಗಲಿಲ್ಲ, ಅದು ಕೂತಿದ್ದ ಜಾಗ ಬದಲಾಯಿತು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತ್ತು. ಕಲಬೆರಕೆಯಿಂದ ಅಪಾಯಕಾರಿಯಾಗಿದ್ದವು 12. ಆ್ಯಂಟಿಬಯೋಟಿಕ್ ಉಳಿಕೆ ಮಿತಿ ಮೀರಿದ್ದವು 77. ಅಫ್ಲಾಟಾಕ್ಸಿನ್ ಎಂ-1 ಮಿತಿ ಮೀರಿದ್ದವು 368. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳ, ಮೆಕ್ಕೆಜೋಳಗಳಲ್ಲಿ ಒಂದು ಬಗೆಯ ಶಿಲೀಂಧ್ರ ಉಂಟುಮಾಡುವ ಈ ವಿಷ ಹಸು ತಿಂದ ಒಂದೆರಡು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುವ ವಸ್ತು ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಎರಡು ಮಾತಿಲ್ಲ. ಹಾಲು ಕಾಯಿಸಿದರೂ ಹೋಗುವುದಿಲ್ಲ, ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ನಮ್ಮ ತಾಯಂದಿರ ಗುಂಪುಗಳಲ್ಲಿ ಈ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ.

ದಸರೆಯ ರಜೆಯಲ್ಲಿ ಎಲ್ಲರೂ ಮಾವನ ಮನೆಗೆ ಹೋದೆವು. ಮಾವನಿಗೆ ಈಗ ಎಪ್ಪತ್ತು ದಾಟಿದೆ. ಎರಡು ಸೀಮೆ ಹಸುಗಳಿವೆ, ಹಾಲು ಇವತ್ತಿಗೂ ಊರಿನ ಡೈರಿಗೇ ಹೋಗುತ್ತದೆ. ಸಿರಿಂಜು ಆ ಮನೆಗೆ ಮತ್ತೆ ಬಂದಿಲ್ಲ. ಕರುವನ್ನು ಬಿಟ್ಟು, ಅದು ನಾಲ್ಕು ಗುಟುಕು ಕುಡಿದು ಹಸು ಸೊರೆ ಬಿಟ್ಟಮೇಲೆಯೇ ಅತ್ತೆ ಕೂರುವುದು. ಬೆಳಿಗ್ಗೆ ಹುಡುಗಿ ಕರುವಿನ ಹಗ್ಗ ಹಿಡಿದು ನಿಂತಿದ್ದಾಗ ನಾನು ಹಿಂಡಿಯ ಮೂಟೆ ಎಲ್ಲಿ ಎಂದು ಮಾವನನ್ನು ಕೇಳಿದೆ. ಕೊಟ್ಟಿಗೆಯ ಮೂಲೆಯಲ್ಲಿ, ಮಳೆನೀರು ಒಸರುವ ಗೋಡೆಗೆ ಒರಗಿಸಿ, ನೆಲದ ಮೇಲೇ ಎರಡು ಮೂಟೆಗಳಿದ್ದವು. ಮೇಲೆ ಕೈ ಹಾಕಿದರೆ ಒಣಗಿತ್ತು. ಮೊದಲನೆಯದನ್ನು ಮಗ್ಗುಲಿಗೆ ಕೆಡವಿ ತಳದಿಂದ ಒಂದು ಹೆಂಟೆ ತೆಗೆದೆ. ಅದರ ಮೈಮೇಲೆ ಹಸಿರು ಹಳದಿ ಬಣ್ಣದ ಪುಡಿ ಕೂತಿತ್ತು, ಮುಗ್ಗುಲು ವಾಸನೆ ಬಂತು.

"ಬಿಸಿಲಿಗೆ ಹಾಕುದ್ರೆ ಸರಿಹೋಯ್ತದೆ ಕಣವ್ವ," ಎಂದರು ಮಾವ. ನಾನು ಓದಿದ್ದನ್ನೆಲ್ಲ ನಿಧಾನವಾಗಿ ಹೇಳಿದೆ. ಅವರು ಹೆಂಟೆಯನ್ನು ಮುರಿದು ಮೂಗಿನ ಹತ್ತಿರ ಹಿಡಿದು ನೋಡಿದರು. "ಹಾಲು ಕಾಯ್ಸುದ್ರೂ ಹೋಗಕಿಲ್ವಾ?" ಎಂದು ಕೇಳಿದರು. "ಹೋಗಲ್ಲ ಮಾವ." ಸ್ವಲ್ಪ ಹೊತ್ತು ಹುಡುಗಿಯ ಕಡೆ, ಹಸುವಿನ ಕಡೆ ನೋಡಿದರು. ಆಮೇಲೆ ನಾವಿಬ್ಬರೂ ಆ ಮೂಟೆಯನ್ನು ಎಳೆದುಕೊಂಡು ಹೋಗಿ ತಿಪ್ಪೆಗೆ ಸುರಿದು, ದನ ಮೂತಿ ಹಾಕದಂತೆ ಮೇಲೆ ಮಣ್ಣು ಎಳೆದೆವು. ಎರಡನೆಯ ಮೂಟೆಯ ತಳ ಚೆನ್ನಾಗಿತ್ತು. ಮಾವ ಹಿತ್ತಿಲಿನಿಂದ ಹಳೆಯ ಬಾಗಿಲಿನ ಎರಡು ಹಲಗೆಗಳನ್ನು ತಂದು, ಗೋಡೆಯಿಂದ ಒಂದು ಮೊಳ ದೂರಕ್ಕೆ ಇಟ್ಟಿಗೆಗಳ ಮೇಲೆ ಜೋಡಿಸಿ, ಮೂಟೆಯನ್ನು ಅದರ ಮೇಲೆ ನಿಲ್ಲಿಸಿದರು. ಅಲುಗಾಡುತ್ತದೆಯೇ ಎಂದು ಎರಡು ಸಲ ಕೈಯಿಂದ ಒತ್ತಿ ನೋಡಿದರು.